ಮಸ್ಕತ್‌ನಿಂದ ಬರುವ ಹಣದಲ್ಲಿ ಮದ್ದೂರಿನಲ್ಲಿ ಉದ್ದಿಮೆ ನಿಲ್ಲುತ್ತದೆಯೇ?

ಮದ್ದೂರು ಸೀಮೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಓಮನ್‌ನ ಮಸ್ಕತ್‌ನಲ್ಲಿ ಏಸಿ ಮೆಕ್ಯಾನಿಕ್. ಅವನು ವರ್ಷಗಳಿಂದ ಮನೆಗೆ ಕಳಿಸುತ್ತ ಬಂದ ಹಣದಲ್ಲಿ ಮೊದಲು ಅಪ್ಪನ ಕಾಲದ ಬಡ್ಡಿಸಾಲ ತೀರಿತು, ಆಮೇಲೆ ತಾರಸಿ ಮನೆ ಎದ್ದಿತು, ತಂಗಿಯ ಮದುವೆ ನಡೆಯಿತು, ಕೊನೆಗೆ ಮೈಸೂರಿನ ಹೊರವಲಯದಲ್ಲಿ ಒಂದು ಸೈಟೂ ಆಯಿತು. ನಮ್ಮ ಸುತ್ತಿನ ಊರುಗಳಲ್ಲಿ ಹೊರಗೆ ದುಡಿಯುವವರಿರುವ ಮನೆಗಳ ಕಥೆ ಬಹುಪಾಲು ಇದೇ ಕ್ರಮದಲ್ಲಿ ಸಾಗುತ್ತದೆ. ದುಡಿಯುವವರು ಪೀಣ್ಯದಲ್ಲಿದ್ದರೂ ಅಷ್ಟೆ, ಕೊಲ್ಲಿ ದೇಶದಲ್ಲಿದ್ದರೂ ಅಷ್ಟೆ. ಮೊತ್ತದಲ್ಲಿ ಮಾತ್ರ ವ್ಯತ್ಯಾಸ.

ಈಗ ತಮ್ಮ ಬೇರೆ ಮಾತು ಎತ್ತಿದ್ದಾನೆ. ಇನ್ನು ಸೈಟು ಬೇಡ, ಊರಿನಲ್ಲೇ ಬೆಲ್ಲದ ಪುಡಿ ತಯಾರಿಸುವ ಸಣ್ಣ ಘಟಕ ಹಾಕೋಣ, ಮಾರಾಟವೆಲ್ಲ ಫೋನಿನಲ್ಲೇ ಆಗುತ್ತದೆ, ಮೊದಮೊದಲು ಅಲ್ಲಿಂದಲೇ ಲೆಕ್ಕ ನೋಡಿಕೊಂಡಿದ್ದು ಘಟಕ ನಿಂತ ಮೇಲೆ ತಾನೂ ಬಂದು ಸೇರಿಕೊಳ್ಳುತ್ತೇನೆ ಎನ್ನುತ್ತಾನೆ. ನಾನು ಕಬ್ಬು ಬೆಳೆಯುವವನು. ಆಲೆಮನೆಯ ಕೆಲಸ ಬಲ್ಲೆ, ವ್ಯಾಪಾರ ಬಲ್ಲೆನೆಂದು ಹೇಳಲಾರೆ.

ಕೇಳಬೇಕಾದುದು ಇಷ್ಟು. ವಲಸೆ ಹೋದವರು ಕಳಿಸುವ ಹಣದಿಂದ ನಮ್ಮಂಥ ದೇಶಗಳಲ್ಲಿ ನಿಜವಾಗಿಯೂ ಉದ್ದಿಮೆಗಳು ಹುಟ್ಟಿ ನಿಂತಿವೆಯೇ, ಅಥವಾ ಅದು ಮನೆ, ಮದುವೆ, ಸೈಟುಗಳಲ್ಲೇ ಮುಗಿಯುತ್ತದೆಯೇ? ಮೊಬೈಲ್‌ನಲ್ಲಿ ಹಣ ಓಡಾಡತೊಡಗಿದ ಮೇಲೆ ಈ ಸ್ಥಿತಿ ಬದಲಾಗಿದೆಯೇ, ಅಥವಾ ಅಂಗಡಿಯ ಮುಂದೆ ಕ್ಯೂಆರ್ ಕೋಡ್ ಅಂಟಿಸಿದ್ದನ್ನೇ ನಾವು ಬದಲಾವಣೆ ಎಂದುಕೊಳ್ಳುತ್ತಿದ್ದೇವೆಯೇ? ಓದಿಕೊಂಡವರು, ಲೆಕ್ಕಪತ್ರ ನೋಡುವವರು, ಸ್ವತಃ ವ್ಯಾಪಾರ ಮಾಡಿದವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ. ‘ಧೈರ್ಯವಾಗಿ ಮಾಡಿ, ಒಳ್ಳೆಯದಾಗುತ್ತದೆ’ ಎಂಬ ಹಾರೈಕೆ ಈಗಾಗಲೇ ಬೇಕಾದಷ್ಟು ಸಿಕ್ಕಿದೆ.

ಸರಸ್ವತಿಪುರಂ ನಿವೃತ್ತ ಮೇಷ್ಟ್ರು

ನಿಮ್ಮ ಮೊದಲ ಪ್ರಶ್ನೆಗೆ ಹೌದು ಎನ್ನುವ ಅಧ್ಯಯನಗಳೂ ಇವೆ, ಅಲ್ಲ ಎನ್ನುವವೂ ಇವೆ. ಎಲ್ಲಿ ಹೌದಾಯಿತು, ಎಲ್ಲಿ ಅಲ್ಲವಾಯಿತು ಎಂಬುದರಲ್ಲಿಯೇ ನಿಮಗೆ ಬೇಕಾದ ವಿಷಯವಿದೆ.

ಮೊದಲು ಮೊತ್ತ ನೋಡಿ. ವಿಶ್ವಬ್ಯಾಂಕಿನ ಅಂದಾಜಿನಂತೆ 2024ರಲ್ಲಿ ಹೊರದೇಶಗಳಲ್ಲಿ ದುಡಿಯುವವರಿಂದ ಭಾರತಕ್ಕೆ ಬಂದ ಹಣ ಸುಮಾರು 12,900 ಕೋಟಿ ಡಾಲರ್. ಬೇರೆ ಯಾವ ದೇಶಕ್ಕೂ ಇಷ್ಟು ಬರುವುದಿಲ್ಲ. ಎರಡನೆಯ ಸ್ಥಾನದ ಮೆಕ್ಸಿಕೊಕ್ಕೆ ಬರುವುದು ಇದರ ಅರ್ಧದಷ್ಟು. ರಿಸರ್ವ್ ಬ್ಯಾಂಕಿನ 2023-24ರ ಸಮೀಕ್ಷೆಯಲ್ಲಿ ಕರ್ನಾಟಕದ ಪಾಲು ಶೇ 7.7, ಮಹಾರಾಷ್ಟ್ರ, ಕೇರಳಗಳು ತಲಾ ಐದನೇ ಒಂದು ಭಾಗದಷ್ಟು ಪಡೆದಿವೆ. ಅದಕ್ಕೂ ಹಿಂದಿನ 2016-17ರ ಸಮೀಕ್ಷೆಯು ಹಣದ ಬಳಕೆಯನ್ನೂ ಕೇಳಿತ್ತು: ಶೇ 59ರಷ್ಟು ಸಂಸಾರದ ಖರ್ಚಿಗೆ, ಶೇ 20ರಷ್ಟು ಬ್ಯಾಂಕ್ ಠೇವಣಿಗೆ, ಶೇ 8ರಷ್ಟು ಜಮೀನು ಮತ್ತು ಷೇರುಗಳಿಗೆ ಹೋಗಿತ್ತು.

ಈ ಅಂಕಿಗಳನ್ನು ಮುಂದಿಟ್ಟುಕೊಂಡು ‘ದುಡ್ಡೆಲ್ಲ ತಿಂದು ಮುಗಿಸುತ್ತಾರೆ’ ಎಂದು ಕೊರಗುವ ಪಂಡಿತರ ಮಾತನ್ನು ನಾನು ಒಪ್ಪುವುದಿಲ್ಲ. ಮನೆಗೆ ಬಂದ ಹಣ ಎಲ್ಲಿಂದ ಬಂದಿತೆಂದು ಗುರುತು ಇಟ್ಟುಕೊಂಡು ಯಾರೂ ಖರ್ಚು ಮಾಡುವುದಿಲ್ಲ. ತಮ್ಮನ ಹಣ ದಿನಸಿಗೂ ಆಸ್ಪತ್ರೆಗೂ ಹೋದರೆ, ನಿಮ್ಮ ಕಬ್ಬಿನ ಬಿಲ್ಲು ಹಾಗೆಯೇ ಉಳಿದು ಬೋರ್‌ವೆಲ್ಲಿಗೋ ಹಸುವಿಗೋ ಒದಗುತ್ತದೆ. ಆದರೆ ಸಮೀಕ್ಷೆಯ ಕಾಲಂನಲ್ಲಿ ಅದು ಸಂಸಾರದ ಖರ್ಚು ಎಂದೇ ದಾಖಲಾಗುತ್ತದೆ.

ಆದ್ದರಿಂದ ಈ ವಿಷಯದಲ್ಲಿ ನಂಬಲರ್ಹವಾದ ಅಧ್ಯಯನಗಳು ‘ಹಣವನ್ನು ಏನು ಮಾಡಿದಿರಿ’ ಎಂದು ಕೇಳುವುದಿಲ್ಲ. ಹಣ ಇದ್ದಕ್ಕಿದ್ದಂತೆ ಹೆಚ್ಚಾದಾಗ ಮನೆಯಲ್ಲಿ ಏನು ಬದಲಾಯಿತು ಎಂದು ನೋಡುತ್ತವೆ. ಫಿಲಿಪ್ಪೀನ್ಸ್‌ನ ಉದಾಹರಣೆ ಪ್ರಸಿದ್ಧವಾದುದು. 1997ರ ಜುಲೈನಲ್ಲಿ ಏಷ್ಯಾದ ಹಣಕಾಸು ಬಿಕ್ಕಟ್ಟು ಆರಂಭವಾದಾಗ ಆ ದೇಶದ ಪೆಸೊ ಕುಸಿಯಿತು. ಕೊಲ್ಲಿ ದೇಶಗಳಲ್ಲಿ, ಅಮೆರಿಕದಲ್ಲಿ ದುಡಿಯುತ್ತಿದ್ದವರು ಕಳಿಸಿದ ಅದೇ ಹಣ ಊರಿನಲ್ಲಿ ಬಹಳ ಹೆಚ್ಚು ಪೆಸೊ ಆಯಿತು. ಮಲೇಷ್ಯಾ, ಕೊರಿಯಾಗಳಲ್ಲಿದ್ದವರ ಮನೆಗಳಿಗೆ ಆ ಲಾಭ ಅಷ್ಟಾಗಿ ಸಿಗಲಿಲ್ಲ. ಯಾರು ಎಲ್ಲಿದ್ದರು ಎಂಬುದು ಬಿಕ್ಕಟ್ಟಿಗೆ ಮೊದಲೇ ತೀರ್ಮಾನವಾಗಿದ್ದುದರಿಂದ ಈ ಹೋಲಿಕೆ ನ್ಯಾಯವಾದುದು. ಡೀನ್ ಯಾಂಗ್ ಎಂಬ ಅರ್ಥಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೆಚ್ಚು ಲಾಭವಾದ ಮನೆಗಳಲ್ಲಿ ಮಕ್ಕಳ ಓದು ಮುಂದುವರಿಯಿತು, ಸ್ವಂತ ಉದ್ಯೋಗಕ್ಕೆ ಕೊಡುವ ಸಮಯ ಹೆಚ್ಚಾಯಿತು, ಸಾಗಾಟ ಮತ್ತು ತಯಾರಿಕೆಯಂತಹ ಹೆಚ್ಚು ಬಂಡವಾಳ ಬೇಡುವ ವ್ಯವಹಾರಗಳು ಶುರುವಾದವು. ಮೆಕ್ಸಿಕೊದಲ್ಲಿಯೂ ವುಡ್ರಫ್ ಮತ್ತು ಸೆಂಟೆನೊ ಎಂಬವರು ನಗರಗಳ ಸಣ್ಣ ಉದ್ದಿಮೆಗಳಲ್ಲಿ ತೊಡಗಿದ್ದ ಬಂಡವಾಳದ ಐದನೇ ಒಂದು ಭಾಗದಷ್ಟಕ್ಕೆ ಅಮೆರಿಕಕ್ಕೆ ವಲಸೆ ಹೋದವರ ಸಂಬಂಧವೇ ಕಾರಣವೆಂದು ಅಂದಾಜು ಮಾಡಿದರು.

ಇದಕ್ಕೆ ಎದುರಾದ ಉದಾಹರಣೆ ಡೊಮಿನಿಕನ್ ಗಣರಾಜ್ಯದ್ದು. ಅಲ್ಲಿ ಹೊರಗಿನಿಂದ ಹಣ ಪಡೆಯುವ ಮನೆಗಳು ಸ್ವಂತ ವ್ಯಾಪಾರ ಹೊಂದಿರುವ ಸಾಧ್ಯತೆ ಕಡಿಮೆಯೆಂದು 2006ರ ಒಂದು ಅಧ್ಯಯನ ಕಂಡುಕೊಂಡಿತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ತಿಂಗಳ ಹಣ ತಪ್ಪದೆ ಬರುವಾಗ ವ್ಯಾಪಾರದ ತಲೆನೋವು ಯಾಕೆ ಎಂದು ಯೋಚಿಸುವವರು ಎಲ್ಲ ದೇಶಗಳಲ್ಲಿಯೂ ಇರುತ್ತಾರೆ. ಮನೆಯಲ್ಲಿ ವ್ಯಾಪಾರ ಮಾಡಬಲ್ಲ ಒಬ್ಬನೇ ಒಬ್ಬ ಚುರುಕಿನ ಹುಡುಗ ವಿಮಾನ ಹತ್ತಿ ಹೋಗಿರುವುದೂ ಉಂಟು.

ಇನ್ನು ನನ್ನ ಅಭಿಪ್ರಾಯ. ಹೊರಗಿನ ಹಣ ಬಂಡವಾಳವಾಗಿ ಮಾಡುವ ಕೆಲಸಕ್ಕಿಂತ ಭದ್ರತೆಯಾಗಿ ಮಾಡುವ ಕೆಲಸ ದೊಡ್ಡದು. ಎರಡು ತಿಂಗಳು ಮಾಲು ಮಾರಾಟವಾಗದಿದ್ದರೂ ಮನೆ ನಡೆಯುತ್ತದೆ ಎಂಬ ಖಾತ್ರಿ ಇರುವವನು ಸಿಕ್ಕಿದ ದರಕ್ಕೆ ಸರಕು ಬಿಸಾಕುವುದಿಲ್ಲ, ಹೊಸದೊಂದನ್ನು ಪ್ರಯತ್ನಿಸಲು ಹೆದರುವುದೂ ಇಲ್ಲ. ನಿಮ್ಮ ಯೋಜನೆಯಲ್ಲಿ ನನಗೆ ಕಾಣುವ ತೊಡಕು ಇದೇ: ನಿಮ್ಮ ತಮ್ಮ ಇದ್ದಬದ್ದ ಹಣವನ್ನೆಲ್ಲ ಯಂತ್ರಕ್ಕೆ ಹಾಕಿ, ಕೆಲಸ ಬಿಟ್ಟು ಊರಿಗೆ ಬಂದರೆ, ಉದ್ದಿಮೆಗೆ ಆಸರೆ ಅತ್ಯಂತ ಅಗತ್ಯವಾದ ಹೊತ್ತಿಗೇ ಆ ಭದ್ರತೆ ನಿಂತುಹೋಗುತ್ತದೆ. ಅವರು ಇನ್ನಷ್ಟು ಕಾಲ ಅಲ್ಲಿಯೇ ಇರುವುದು ಉದ್ದಿಮೆಯ ದೃಷ್ಟಿಯಿಂದ ಒಳ್ಳೆಯದು. ಅವರ ಮನಸ್ಸಿನ ದೃಷ್ಟಿಯಿಂದ ಏನೆಂಬುದನ್ನು ನೀವಿಬ್ಬರೇ ಮಾತಾಡಿಕೊಳ್ಳಬೇಕು.

ಗುತ್ತಲು ರಸ್ತೆ

ಮೇಷ್ಟ್ರು ಹೊರದೇಶದ ಹಣದ ಬಗ್ಗೆ ಬರೆದರು. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆಗಳು ನಿಂತಿರುವುದು ಬೆಂಗಳೂರಿನಿಂದ ಬರುವ ಹಣದ ಮೇಲೆ, ನಮ್ಮದೂ ಅವುಗಳಲ್ಲೊಂದು. ಯಜಮಾನರು ಅಲ್ಲಿ ಗೂಡ್ಸ್ ಆಟೊ ಓಡಿಸುತ್ತಾರೆ, ನಾನು ಮಂಡ್ಯದಲ್ಲಿ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡಿ ಬೇಕರಿಗಳಿಗೂ ಮನೆಗಳಿಗೂ ಕೊಡುತ್ತೇನೆ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ ಚಕ್ಕುಲಿ ಒತ್ತುತ್ತಾಳೆಂದು ನೆಂಟರು ನಗುತ್ತಾರೆ. ಓದಿದ್ದು ಇಲ್ಲಿಯಾದರೂ ಉಪಯೋಗಕ್ಕೆ ಬರಲಿ.

ಫೋನಿನಿಂದ ಏನು ಬದಲಾಯಿತು ಎಂಬ ಪ್ರಶ್ನೆಗೆ ಆಫ್ರಿಕಾದ ಕೀನ್ಯಾ ದೇಶ ಮೊದಲ ಉತ್ತರ. ಅಲ್ಲಿ ಎಂ-ಪೇಸಾ ಎಂಬ ಮೊಬೈಲ್ ಹಣ ಸೇವೆ 2007ರ ಮಾರ್ಚ್‌ನಲ್ಲಿ ಶುರುವಾಯಿತು. ಪಟ್ಟಣದಲ್ಲಿ ದುಡಿಯುವವರು ಹಳ್ಳಿಯ ಮನೆಗೆ ಹಣ ಕಳಿಸುವುದೇ ಅದರ ಮೊದಲ ಉಪಯೋಗವಾಗಿತ್ತು. ತವ್ನೀತ್ ಸೂರಿ ಮತ್ತು ವಿಲಿಯಂ ಜ್ಯಾಕ್ ಅವರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, ಈ ಸೇವೆಯಿಂದ 1,94,000 ಕುಟುಂಬಗಳು ಬಡತನದಿಂದ ಮೇಲೆ ಬಂದವು, 1,85,000 ಹೆಂಗಸರು ಬೇಸಾಯದ ಕೆಲಸ ಬಿಟ್ಟು ವ್ಯಾಪಾರವನ್ನು ಮುಖ್ಯ ಕಸುಬಾಗಿ ಮಾಡಿಕೊಂಡರು. ಈ ಅಂದಾಜನ್ನು ಪ್ರಶ್ನಿಸಿದವರೂ ಇದ್ದಾರೆ. ಆದರೆ ಹೆಂಗಸರ ಬಗೆಗಿನ ಆ ಮಾತು ನನಗೆ ನಂಬಲು ಕಷ್ಟವಾಗಲಿಲ್ಲ, ಕಾರಣ ಹೇಳುತ್ತೇನೆ.

ಮೊದಲು ಯಜಮಾನರು ಊರಿಗೆ ಬಂದಾಗ ತಿಂಗಳ ಹಣವನ್ನು ಒಟ್ಟಿಗೆ ಕೊಡುತ್ತಿದ್ದರು. ಒಟ್ಟಿಗೆ ಬಂದದ್ದು ಒಟ್ಟಿಗೇ ಕರಗುತ್ತಿತ್ತು: ಚೀಟಿ, ಸಂಘದ ಕಂತು, ಫೀಸು, ಅತ್ತೆಯವರ ಮಾತ್ರೆ. ತಿಂಗಳ ಕೊನೆಯಲ್ಲಿ ಆರ್ಡರ್ ಬಂದರೆ ಎಣ್ಣೆ ಟಿನ್ನನ್ನೂ ಅಕ್ಕಿಹಿಟ್ಟನ್ನೂ ಅಂಗಡಿಯಲ್ಲಿ ಲೆಕ್ಕಕ್ಕೆ ಬರೆಸಿ ತರಬೇಕಿತ್ತು, ಬರೆಸಿದವರಿಗೆ ದರವೂ ಬೇರೆಯಿತ್ತು. ಈಗ ಬೆಳಿಗ್ಗೆ ಆರ್ಡರ್ ಬಂದರೆ ಎಣ್ಣೆಗೆ ಬೇಕಾದಷ್ಟು ಹಣವನ್ನು ಅವರು ಆಗಲೇ ಕಳಿಸುತ್ತಾರೆ, ಸಂಜೆ ಬೇಕರಿಯವರು ಸ್ಕ್ಯಾನ್ ಮಾಡಿದ ಹಣದಲ್ಲಿ ನಾನು ಹಿಂದಿರುಗಿಸುತ್ತೇನೆ. ವರ್ಷದ ಲೆಕ್ಕದಲ್ಲಿ ಅವರು ಕಳಿಸುವ ಮೊತ್ತ ಹೆಚ್ಚಾಗಿಲ್ಲ. ಬೇಕಾದ ಗಳಿಗೆಗೆ ಬೇಕಾದಷ್ಟೇ ಬರುತ್ತದೆ ಎಂಬುದೊಂದೇ ಬದಲಾವಣೆ, ಸಣ್ಣ ವ್ಯಾಪಾರಕ್ಕೆ ಅದು ಸಣ್ಣದಲ್ಲ.

ಇದಕ್ಕೆ ಇನ್ನೊಂದು ಮುಖವಿದೆ. ಬಾಂಗ್ಲಾದೇಶದ ಗೈಬಂಧ ಜಿಲ್ಲೆಯಿಂದ ಢಾಕಾಕ್ಕೆ ದುಡಿಯಲು ಹೋದವರಿಗೂ ಅವರ ಮನೆಯವರಿಗೂ ಬಿಕ್ಯಾಶ್ ಎಂಬ ಮೊಬೈಲ್ ಸೇವೆ ಬಳಸುವುದನ್ನು ಕಲಿಸಿಕೊಟ್ಟು ನೋಡಿದ ಪ್ರಯೋಗವೊಂದಿದೆ. ಕಲಿತವರ ಮನೆಗಳಿಗೆ ಬಂದ ಹಣ ಶೇ 26ರಷ್ಟು ಹೆಚ್ಚಾಯಿತು, ಹಳ್ಳಿಯ ಮನೆಗಳ ಖರ್ಚುವೆಚ್ಚ ಶೇ 7.5ರಷ್ಟು ಸುಧಾರಿಸಿತು, ಸಾಲ ತಗ್ಗಿತು. ಆದರೆ ಢಾಕಾದಲ್ಲಿದ್ದವರು ತಮ್ಮ ದೇಹ-ಮನಸ್ಸುಗಳ ಆರೋಗ್ಯ ಹಿಂದಿಗಿಂತ ಕೆಟ್ಟಿತೆಂದು ಹೇಳಿದರು. ಕಳಿಸುವುದು ಸುಲಭವಾದಷ್ಟೂ ಕೇಳುವುದೂ ಸುಲಭವಾಗುತ್ತದೆ. ಮದ್ದೂರಿನವರೇ, ತಮ್ಮನವರು ಅಲ್ಲಿಂದಲೇ ಲೆಕ್ಕ ನೋಡಿಕೊಳ್ಳುತ್ತಾರೆ ಎಂದಿರಿ. ಬಿಸಿಲಲ್ಲಿ ಏಸಿ ರಿಪೇರಿ ಮಾಡಿ ಬಂದು ರಾತ್ರಿ ಬೆಲ್ಲದ ಲೆಕ್ಕ ನೋಡುವ ಕೆಲಸ ಅವರಿಗೆ ಎಷ್ಟು ಭಾರವಾಗುತ್ತದೆಂದು ಒಮ್ಮೆ ಕೇಳಿ ನೋಡಿ.

ಇನ್ನೊಂದು ಮಾತು, ಹಣ ಯಾರ ಫೋನಿಗೆ ಬರುತ್ತದೆ ಎಂಬುದು. ಶ್ರೀಲಂಕಾದ ಸಣ್ಣ ವ್ಯಾಪಾರಿಗಳಿಗೆ ನೂರು-ಇನ್ನೂರು ಡಾಲರಿನಷ್ಟು ಸಹಾಯಧನ ಕೊಟ್ಟು ನೋಡಿದಾಗ ಗಂಡಸರ ಲಾಭ ಏರಿತು, ಹೆಂಗಸರದು ಏರಲಿಲ್ಲ. ಹೆಂಗಸರಿಗೆ ವ್ಯಾಪಾರ ತಿಳಿಯದೆಂದು ಕೆಲವರು ಇದರಿಂದ ಅರ್ಥ ಮಾಡಿಕೊಂಡರು. ಆಮೇಲೆ ಭಾರತ, ಘಾನಾ, ಶ್ರೀಲಂಕಾಗಳ ಅಂಕಿಗಳನ್ನು ಒಟ್ಟಿಗೆ ನೋಡಿದವರು ಬೇರೆಯದನ್ನೇ ಕಂಡುಕೊಂಡರು: ಹೆಂಡತಿಗೆ ಬಂದ ಬಂಡವಾಳ ಗಂಡನ ವ್ಯಾಪಾರಕ್ಕೆ ಹೋಗುತ್ತಿತ್ತು, ಮನೆಯಲ್ಲಿ ಹೆಂಗಸಿನದೊಂದೇ ವ್ಯಾಪಾರವಿದ್ದ ಕಡೆ ಅವಳ ಲಾಭ ಗಂಡಸರಿಗೆ ಸಮನಾಗಿಯೇ ಇತ್ತು. 2023ರ ಆಗಸ್ಟ್‌ನಲ್ಲಿ ಮೈಸೂರಿನಲ್ಲೇ ಚಾಲನೆ ಪಡೆದ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಮನೆಯೊಡತಿಯ ಖಾತೆಗೇ ಬರುವುದರಿಂದ ಕೆಲವರು ಹೊಲಿಗೆ ಯಂತ್ರ ಕೊಂಡರು. ಅದೇ ಹಣ ಗಂಡನ ಖಾತೆಗೆ ಬಂದಿದ್ದರೆ ಕೊಳ್ಳುತ್ತಿದ್ದರೇ ಎಂದು ನಾನು ಕೇಳಬೇಕಾಗಿಲ್ಲ.

ಹುಣಸೂರು ಕಡೆಯವ

ಹೊರದೇಶದ ದುಡಿಮೆ, ಫೋನು, ಸ್ವಂತ ಉದ್ದಿಮೆ ಈ ಮೂರೂ ಒಂದೇ ಕಡೆ ಸೇರಿದ್ದನ್ನು ನೋಡಬೇಕಿದ್ದರೆ ನಮ್ಮ ತಾಲ್ಲೂಕಿನ ಪಕ್ಷಿರಾಜಪುರಕ್ಕೆ ಬನ್ನಿ. ಅಲ್ಲಿನ ಹಕ್ಕಿಪಿಕ್ಕಿ ಜನ ಗಿಡಮೂಲಿಕೆಯ ಎಣ್ಣೆ, ಔಷಧಿಗಳನ್ನು ಮಾರಲು ಆಫ್ರಿಕಾದ ದೇಶಗಳವರೆಗೆ ಹೋಗಿ ಬರುವವರು. 2023ರ ಏಪ್ರಿಲ್‌ನಲ್ಲಿ ಸೂಡಾನ್‌ನಲ್ಲಿ ಯುದ್ಧ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಬಿದ್ದಿದ್ದ ಸುದ್ದಿ ಎಲ್ಲರಿಗೂ ನೆನಪಿರಬಹುದು. ಹೊರಗೆ ದುಡಿದ ಹಣವನ್ನು ನೆಚ್ಚಿಕೊಂಡ ಮನೆಗೆ ಆ ಹಣ ಒಂದೇ ವಾರದಲ್ಲಿ ನಿಲ್ಲಬಹುದು ಎಂಬುದು ಆಗ ಕಣ್ಣಿಗೆ ಕಂಡಿತು.

ಈಚಿನ ವರ್ಷಗಳಲ್ಲಿ ಅದೇ ಜನ ಊರಿನಲ್ಲಿಯೇ ಕೂತು ಕೂದಲಿನ ಎಣ್ಣೆ ಕಾಯಿಸುತ್ತ ಅದರ ವಿಡಿಯೊಗಳನ್ನು ಇನ್‌ಸ್ಟಾಗ್ರಾಂ, ಯೂಟ್ಯೂಬ್‌ಗಳಲ್ಲಿ ಹಾಕಿ, ಕೊರಿಯರ್‌ನಲ್ಲಿ ದೇಶದ ಮೂಲೆ ಮೂಲೆಗೂ ಬಾಟಲಿ ಕಳಿಸುತ್ತಿದ್ದಾರೆ. ಉದ್ದ ಕೂದಲು ಬಿಟ್ಟುಕೊಂಡ ಮನೆಮಂದಿಯೇ ಜಾಹೀರಾತು. ಎಣ್ಣೆಯ ಗುಣದ ಬಗ್ಗೆ ಅವರು ಹೇಳುವುದೆಲ್ಲವನ್ನೂ ನಾನು ಒಪ್ಪುವುದಿಲ್ಲ. ಆದರೆ ಬ್ಯಾಂಕಿನವರು ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಿದ್ದ ಜನ, ಯಾವ ಅಂಗಡಿಯವನ ಮರ್ಜಿಗೂ ಕಾಯದೆ ಗಿರಾಕಿಯನ್ನು ನೇರವಾಗಿ ತಲುಪಿದರು ಎಂಬುದು ದೊಡ್ಡ ಸಂಗತಿ. ಊರಿಂದೂರಿಗೆ, ದೇಶದಿಂದ ದೇಶಕ್ಕೆ ಅಲೆದು ಅಪರಿಚಿತರ ಎದುರು ಮಾಲು ಮಾರಿದ ಅನುಭವ ಅವರಿಗೆ ಇಲ್ಲದಿದ್ದರೆ ಬರೀ ಫೋನು ಇಷ್ಟು ಮಾಡುತ್ತಿರಲಿಲ್ಲ.

ಹೆಸರು ಮಾಡಿದ ಮೇಲೆ ನಕಲಿ ಬಾಟಲಿಗಳು ಬಂದವು, ಬೇರೆಯವರು ಅದೇ ವಿಡಿಯೊ ಕತ್ತರಿಸಿ ತಮ್ಮದೆಂದು ಹಾಕಿದರು. ಮಾರಾಟಕ್ಕೆ ಎಣ್ಣೆ ತಯಾರಿಸುವವರಿಗೆ ಕಾನೂನಿನ ಪ್ರಕಾರ ಪರವಾನಗಿಯೂ ಬೇಕು. ಬೆಲ್ಲಕ್ಕೂ ಇಂಥದೇ ತಾಪತ್ರಯಗಳು ಇರುತ್ತವೆ. ತಮ್ಮನವರ ‘ಮಾರಾಟವೆಲ್ಲ ಫೋನಿನಲ್ಲೇ’ ಎಂಬ ಮಾತಿಗೆ ಇದನ್ನು ಸೇರಿಸಿಕೊಳ್ಳಿ.

ಪಾಂಡವಪುರ ಬೆಲ್ಲ

ಬೆಲ್ಲದ ವಿಷಯವನ್ನೇ ಯಾರೂ ಬರೆಯಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಪುಡಿ ಬೆಲ್ಲ ಅಚ್ಚು ಬೆಲ್ಲದಂತಲ್ಲ. ಕೊಪ್ಪರಿಗೆಯಲ್ಲಿ ಪಾಕವನ್ನು ಇನ್ನೂ ಸ್ವಲ್ಪ ಹೆಚ್ಚು ಕಾಯಿಸಿ ಇಳಿಸಬೇಕು, ಆರುತ್ತಿರುವಾಗ ಮರದ ಹಲಗೆಯಿಂದ ಬಿಡದೆ ತಿಕ್ಕಬೇಕು, ಜರಡಿ ಹಿಡಿಯಬೇಕು, ಒಣಗಿಸಬೇಕು. ತೇವ ಉಳಿಯಿತೋ, ಮಳೆಗಾಲ ಬರುವಷ್ಟರಲ್ಲಿ ಪೊಟ್ಟಣದೊಳಗೆ ಗಂಟುಗಂಟಾಗುತ್ತದೆ; ಗಿರಾಕಿ ಅದರ ಫೋಟೊ ತೆಗೆದು ಹಾಕಿ ಒಂದು ನಕ್ಷತ್ರ ಕೊಡುತ್ತಾನೆ. ಬಣ್ಣದ ಗೊಂದಲ ಬೇರೆ. ಮಂಡಿಯಲ್ಲಿ ಹೊಂಬಣ್ಣದ ಬೆಲ್ಲಕ್ಕೆ ದರ ಸಿಗುತ್ತದೆಂದು ಆಲೆಮನೆಯವರು ಹೈಡ್ರೋಸ್ ಎಂಬ ಬಣ್ಣ ತಿಳಿಗೊಳಿಸುವ ರಾಸಾಯನಿಕ ಹಾಕುತ್ತಾರೆ, ಫೋನಿನಲ್ಲಿ ಕೊಳ್ಳುವವನು ರಾಸಾಯನಿಕ ಇಲ್ಲದ ಕಪ್ಪು ಬೆಲ್ಲವನ್ನೇ ಕೇಳುತ್ತಾನೆ. ಒಂದೇ ಕೊಪ್ಪರಿಗೆಯಲ್ಲಿ ಇಬ್ಬರನ್ನೂ ಮೆಚ್ಚಿಸಲಾಗುವುದಿಲ್ಲ. ಬೆಂಡೆಗಿಡದ ಲೋಳೆಯಿಂದ ಕಶ್ಮಲ ತೆಗೆಯುವ ಹಳೆಯ ಪದ್ಧತಿಗೆ ಸಮಯ ಹಿಡಿಯುತ್ತದೆ, ಕೈ ಪಳಗಿರಬೇಕು. ಯಂತ್ರ ಕೊಳ್ಳುವ ಮೊದಲು ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿ.

ಹಣದ ವಿಷಯದಲ್ಲಿ ಮೇಷ್ಟ್ರ ಮಾತಿಗೆ ನನ್ನದೊಂದು ಸೇರ್ಪಡೆ. ನಮ್ಮ ಆಲೆಮನೆಗಳು ಎದ್ದೇಳದಿರಲು ಯಂತ್ರದ ಕೊರತೆಗಿಂತ ದೊಡ್ಡ ಕಾರಣ ಮಂಡಿಯ ಮುಂಗಡ. ಹಂಗಾಮು ಶುರುವಾಗುವಾಗ ಕಬ್ಬಿಗೆ, ಆಳುಗಳಿಗೆ ಹಣ ಬೇಕು, ವರ್ತಕರು ಕೊಡುತ್ತಾರೆ. ಮುಂಗಡ ಪಡೆದವನು ಅವರಿಗೇ ಮಾಲು ಹಾಕಬೇಕು, ದರ ಚರ್ಚಿಸುವ ಹಾಗಿಲ್ಲ. ನಿಮ್ಮ ತಮ್ಮನ ಹಣ ಕಟ್ಟಡಕ್ಕೆ ಹೋಗದೆ ಈ ಮುಂಗಡದ ಜಾಗದಲ್ಲಿ ನಿಂತರೆ, ದರ ಕುದುರುವವರೆಗೆ ಮಾಲು ಇಟ್ಟುಕೊಳ್ಳುವ ಶಕ್ತಿ ನಿಮಗೆ ಬರುತ್ತದೆ. ನನ್ನ ಕೇಳಿದರೆ ಹೊರಗಿನ ಹಣದಿಂದ ಬೆಲ್ಲದ ಕಸುಬಿಗೆ ಆಗಬಹುದಾದ ಅತಿ ದೊಡ್ಡ ಉಪಕಾರ ಇದೇ.

ನಮ್ಮ ಆಲೆಮನೆಯಲ್ಲಿ ಈಗ ಕೊಪ್ಪರಿಗೆಯ ಮುಂದೆ ನಿಲ್ಲುವವರು ಉತ್ತರ ಪ್ರದೇಶದ ಹುಡುಗರು. ಕೂಲಿ ಬಟವಾಡೆಯಾದ ಸಂಜೆಯೇ ಫೋನಿನಲ್ಲಿ ಊರಿಗೆ ಹಣ ಹೋಗುತ್ತದೆ. ಮಂಡ್ಯದ ಹುಡುಗ ಮಸ್ಕತ್‌ನಿಂದ ಕಳಿಸುತ್ತಾನೆ, ಮಂಡ್ಯದಿಂದ ಇವರು ಕಳಿಸುತ್ತಾರೆ. ಅವರ ಊರಿನಲ್ಲೂ ಯಾರಾದರೂ ಈ ಹಣ ಹಾಕಿ ಏನು ಮಾಡೋಣ ಎಂದು ಇದೇ ಪ್ರಶ್ನೆ ಕೇಳುತ್ತಿರಬಹುದು.

ಮಂಡ್ಯ ತೆರಿಗೆ ಸಲಹೆಗಾರ

ಫೋನಿನಲ್ಲಿ ಹಣ ಓಡಾಡುವುದರ ಮುಖ್ಯ ಫಲ ವೇಗವೂ ಅಲ್ಲ, ಅಗ್ಗವೂ ಅಲ್ಲ. ಅಗ್ಗದ ಮಾತೂ ಸುಳ್ಳಲ್ಲ: ಜಗತ್ತಿನ ಸರಾಸರಿಯಲ್ಲಿ 200 ಡಾಲರ್ ಕಳಿಸಲು ಇನ್ನೂ ಶೇ 6ಕ್ಕೂ ಹೆಚ್ಚು ಖರ್ಚಾಗುತ್ತದೆ, ಅದನ್ನು 2030ರೊಳಗೆ ಶೇ 3ಕ್ಕೆ ಇಳಿಸಬೇಕೆಂಬುದು ವಿಶ್ವಸಂಸ್ಥೆಯ ಗುರಿ, ಮೊಬೈಲ್ ಮತ್ತು ಬ್ಯಾಂಕ್ ಆ್ಯಪ್‌ಗಳಲ್ಲಿ ಖರ್ಚು ನಗದು ಕೌಂಟರಿಗಿಂತ ಕಡಿಮೆ. ಆದರೆ ನನ್ನ ಮೇಜಿನ ಮುಂದೆ ಕೂರುವವರಿಗೆ ಬದಲಾದುದು ಬೇರೆ. ಈಗ ಪ್ರತಿ ರೂಪಾಯಿಗೂ ದಾಖಲೆ ಉಳಿಯುತ್ತದೆ. ಆ ದಾಖಲೆ ಸಾಲವನ್ನೂ ತರುತ್ತದೆ, ನೋಟಿಸನ್ನೂ ತರುತ್ತದೆ.

ನೋಟಿಸಿನ ವಿಷಯ ಮೊದಲು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳನ್ನು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಸರಕಿನ ವಹಿವಾಟು ವರ್ಷಕ್ಕೆ 40 ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ ಬೇಕೆಂಬುದು ನಿಯಮ. ಅನೇಕ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂಬ ಚೀಟಿ ಅಂಟಿಸಿದರು. ಹಳೆಯ ಬಾಕಿಗೆ ಒತ್ತಾಯವಿಲ್ಲ, ಮುಂದೆ ನೋಂದಣಿ ಮಾಡಿಸಿಕೊಳ್ಳಿ ಎಂದು ಮುಖ್ಯಮಂತ್ರಿಗಳು ಅದೇ ತಿಂಗಳು ಹೇಳಿದ ಮೇಲೆ ಗಲಾಟೆ ತಣ್ಣಗಾಯಿತು. ಆಗ ನಾನು ಕಂಡ ಮುಖ್ಯ ತೊಡಕೆಂದರೆ, ಮಗ ಕಳಿಸಿದ ಹಣ, ನೆಂಟರ ಕೈಸಾಲ, ಚೀಟಿ ಎತ್ತಿದ್ದು, ಅಂಗಡಿಯ ಮಾರಾಟ ಎಲ್ಲವೂ ಒಂದೇ ಖಾತೆಗೆ ಬಂದಿದ್ದವು. ನೋಡುವವರಿಗೆ ಎಲ್ಲವೂ ಮಾರಾಟದಂತೆಯೇ ಕಾಣುತ್ತದೆ. ಆದ್ದರಿಂದ ತಮ್ಮನ ಹಣ ಬರುವ ಖಾತೆ ಬೇರೆ, ಬೆಲ್ಲದ ಖಾತೆ ಬೇರೆ ಇರಲಿ. ಇದರಲ್ಲಿ ರಿಯಾಯಿತಿ ಬೇಡ.

ಬೆಲ್ಲಕ್ಕೆ ಇನ್ನೊಂದು ಸೂಕ್ಷ್ಮವಿದೆ. ಬಿಡಿ ಬೆಲ್ಲಕ್ಕೆ ತೆರಿಗೆಯಿಲ್ಲ, ಆದರೆ ಪೊಟ್ಟಣ ಕಟ್ಟಿ ಹೆಸರಿನ ಚೀಟಿ ಅಂಟಿಸಿದ ಬೆಲ್ಲಕ್ಕೆ 2022ರ ಜುಲೈ 18ರಿಂದ ಶೇ 5 ಜಿಎಸ್‌ಟಿ ಬಂದಿತು. ತೆರಿಗೆಯುಳ್ಳ ಸರಕನ್ನು ಹೊರರಾಜ್ಯದ ಗಿರಾಕಿಗೆ ಕಳಿಸುವುದಾದರೆ 40 ಲಕ್ಷದ ಮಿತಿಯ ರಕ್ಷಣೆ ಸಿಗುವುದಿಲ್ಲ, ಮೊದಲ ಪೊಟ್ಟಣಕ್ಕೇ ನೋಂದಣಿ ಬೇಕು. ಪುಣೆಯಿಂದ ಫೋನಿನಲ್ಲಿ ಆರ್ಡರ್ ಬಂದಿತೆಂದು ಸಂತೋಷಪಡುವ ಮೊದಲು ಈ ಕೆಲಸ ಮುಗಿದಿರಬೇಕು.

ಸಾಲದ ವಿಷಯ. ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗಾಗಿ 2020ರಲ್ಲಿ ಶುರುವಾದ ಕೇಂದ್ರದ ಯೋಜನೆಯಲ್ಲಿ ಮಂಡ್ಯ ಜಿಲ್ಲೆಗೆಂದು ಗುರುತಿಸಿದ ಉತ್ಪನ್ನವೇ ಬೆಲ್ಲ. ಘಟಕದ ವೆಚ್ಚದಲ್ಲಿ ಕೇಂದ್ರದ ಶೇ 35ಕ್ಕೆ ರಾಜ್ಯ ಸರ್ಕಾರ ಶೇ 15 ಸೇರಿಸಿ ಗರಿಷ್ಠ 15 ಲಕ್ಷ ರೂಪಾಯಿವರೆಗೆ ಸಹಾಯಧನ ಕೊಡುತ್ತ ಬಂದಿದೆ. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೃಷಿ ಇಲಾಖೆಯಲ್ಲಿ ಕೇಳಿ. ಇದರಲ್ಲಿ ಉದ್ದಿಮೆದಾರ ತನ್ನ ಪಾಲೆಂದು ಕನಿಷ್ಠ ಶೇ 10 ಹಾಕಬೇಕು, ಉಳಿದದ್ದು ಬ್ಯಾಂಕ್ ಸಾಲ. ತಮ್ಮನ ಹಣವನ್ನು ಆ ಶೇ 10ಕ್ಕೂ, ಪಾಂಡವಪುರದವರು ಹೇಳಿದಂತೆ ಹಂಗಾಮಿನ ಕಬ್ಬಿಗೂ ಇಟ್ಟುಕೊಳ್ಳುವುದು ಜಾಣತನ. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗಿರುವ ಸರ್ಕಾರಿ ನೋಂದಣಿ) ಮಾಡಿಸಿ, ಒಂದು ವರ್ಷದ ಮಾರಾಟವನ್ನು ವ್ಯಾಪಾರದ ಖಾತೆಯಲ್ಲೇ ತೋರಿಸಿದರೆ ಮುಂದಿನ ಸಾಲಕ್ಕೆ ಬ್ಯಾಂಕಿನವರು ಕೇಳುವ ಪ್ರಶ್ನೆಗಳು ಅರ್ಧಕ್ಕರ್ಧ ಕಡಿಮೆಯಾಗುತ್ತವೆ.

ಕೊನೆಯದು, ಹೇಳಲು ಮುಜುಗರವಾದರೂ ಹೇಳಲೇಬೇಕಾದದ್ದು. ಅಣ್ಣನ ಹೆಸರಿಗೆ ತಮ್ಮ ಕಳಿಸಿದ ಹಣ ಉಡುಗೊರೆಯೇ, ಸಾಲವೇ, ಪಾಲುಬಂಡವಾಳವೇ ಎಂಬುದು ಕಾಗದದ ಮೇಲೆ ಇರಲಿ. ಒಡಹುಟ್ಟಿದವರು ಕೊಟ್ಟ ಉಡುಗೊರೆಗೆ ನಿಮಗೆ ಆದಾಯ ತೆರಿಗೆಯಿಲ್ಲ, ತೆರಿಗೆಯ ದೃಷ್ಟಿಯಿಂದ ಅದೇ ಸಲೀಸು. ಆದರೆ ಉಡುಗೊರೆ ಎಂದು ಬರೆದ ಮೇಲೆ ಘಟಕದಲ್ಲಿ ಅವನಿಗೆ ಪಾಲಿಲ್ಲ. ಹತ್ತು ವರ್ಷದ ನಂತರ ಇಬ್ಬರ ಮಕ್ಕಳೂ ದೊಡ್ಡವರಾದಾಗ ಇದೇ ವಿಷಯಕ್ಕೆ ಮಾತು ಬಿಟ್ಟ ಮನೆಗಳನ್ನು ನಾನು ಬಹಳ ನೋಡಿದ್ದೇನೆ. ಯುಪಿಐ ಸಂದೇಶದಲ್ಲಿ ‘ಖರ್ಚಿಗೆ’ ಎಂದು ಬರೆದು ಕಳಿಸಿದ ಹಣವನ್ನು ಆಮೇಲೆ ಬಂಡವಾಳವೆಂದು ಸಾಧಿಸುವುದು ಕಷ್ಟ.

ಮದ್ದೂರು ಸೀಮೆ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ತಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ಈ ಹಂಗಾಮಿಗೆ ಘಟಕ ಕಟ್ಟುವುದು ಬೇಡ, ಪಕ್ಕದ ಊರಿನ ಆಲೆಮನೆಯನ್ನು ಬಾಡಿಗೆಗೆ ಹಿಡಿದು ಮುಂಗಡ ಪಡೆಯದೆ ಪುಡಿ ಮಾಡಿಸಿ ನೋಡೋಣ, ಅವನು ಸದ್ಯಕ್ಕೆ ಅಲ್ಲಿಯೇ ಇರಲಿ ಎಂದು ಮಾತಾಗಿದೆ. ಪಾಲುದಾರನಾಗಿಯೇ ಹಣ ಹಾಕುತ್ತೇನೆ ಎನ್ನುತ್ತಾನೆ. ಸಲಹೆಗಾರರಲ್ಲಿ ಒಂದೇ ಸಂದೇಹ: ಅವನು ಹೊರದೇಶದಲ್ಲಿರುವಾಗ ಹೀಗೆ ಪಾಲುದಾರನಾಗಬಹುದೇ, ಮುಂದೆ ಆ ಹಣ ವಾಪಸ್ ಬೇಕೆಂದರೆ ತೊಂದರೆಯಾಗುತ್ತದೆಯೇ?

ಮಂಡ್ಯ ತೆರಿಗೆ ಸಲಹೆಗಾರ

ಆಗಬಹುದು. ಅನಿವಾಸಿ ಭಾರತೀಯರು ಇಲ್ಲಿನ ಪಾಲುದಾರಿಕೆ ಸಂಸ್ಥೆಯಲ್ಲಿ, ಹಣವನ್ನು ವಿದೇಶಕ್ಕೆ ನೇರವಾಗಿ ಒಯ್ಯುವ ಹಕ್ಕಿಲ್ಲದ ಆಧಾರದ ಮೇಲೆ, ಬಂಡವಾಳ ಹಾಕಬಹುದು. ಬೇಸಾಯ, ತೋಟದ ಬೆಳೆ, ರಿಯಲ್ ಎಸ್ಟೇಟ್‌ನಂಥ ಕೆಲವು ವ್ಯವಹಾರಗಳಲ್ಲಿ ಮಾತ್ರ ಹಾಗಿಲ್ಲ. ಆದ್ದರಿಂದ ಪಾಲುಪತ್ರದಲ್ಲಿ ಬೆಲ್ಲದ ಪುಡಿ ತಯಾರಿಕೆ ಮತ್ತು ಮಾರಾಟ ಎಂದಷ್ಟೇ ಇರಲಿ, ಕಬ್ಬು ಬೆಳೆಯುವುದನ್ನು ಅದರೊಳಗೆ ತರಬೇಡಿ; ಕಬ್ಬು ನಿಮ್ಮ ಸ್ವಂತದ್ದು, ಸಂಸ್ಥೆ ಅದನ್ನು ನಿಮ್ಮಿಂದ ಕೊಳ್ಳಲಿ. ಅವರ ಎನ್‌ಆರ್‌ಇ ಖಾತೆಯಿಂದ (ಹೊರದೇಶದ ದುಡಿಮೆ ಜಮೆಯಾಗುವ ಅನಿವಾಸಿ ಖಾತೆ) ಸಂಸ್ಥೆಯ ಖಾತೆಗೆ ಬ್ಯಾಂಕ್ ಮೂಲಕವೇ ಹಣ ಬರಲಿ. 2023ರ ಆರಂಭದಿಂದ ಓಮನ್ ಸೇರಿದಂತೆ ಕೆಲವು ದೇಶಗಳ ಮೊಬೈಲ್ ಸಂಖ್ಯೆಗಳಲ್ಲಿಯೂ ಎನ್‌ಆರ್‌ಇ ಖಾತೆಗೂ ಎನ್‌ಆರ್‌ಓ (ಇಲ್ಲಿನ ಆದಾಯ ಜಮೆಯಾಗುವ ಅನಿವಾಸಿ) ಖಾತೆಗೂ ಯುಪಿಐ ಜೋಡಿಸಲು ಅವಕಾಶವಿದೆಯಾದರೂ, ಬಂಡವಾಳದ ಮೊತ್ತಕ್ಕೆ ಬ್ಯಾಂಕ್ ವರ್ಗಾವಣೆಯೇ ಲೇಸು.

ಬಂಡವಾಳ ಹಿಂದಿರುಗುವಾಗ ಅದು ಅವರ ಎನ್‌ಆರ್‌ಓ ಖಾತೆಗೇ ಜಮೆಯಾಗಬೇಕು. ಅಲ್ಲಿಂದ ತೆರಿಗೆ ಕಟ್ಟಿ, ಲೆಕ್ಕಪರಿಶೋಧಕರ ಪ್ರಮಾಣಪತ್ರದೊಂದಿಗೆ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಬೆಲ್ಲದ ಪುಡಿಯಲ್ಲಿ ಆ ಮಿತಿ ಮುಟ್ಟುವ ಚಿಂತೆ ನಿಮಗೆ ಬೇಡ. ಅವರು ಕೆಲಸ ಬಿಟ್ಟು ಶಾಶ್ವತವಾಗಿ ಊರಿಗೆ ಬಂದ ಕೂಡಲೇ ಬ್ಯಾಂಕಿಗೆ ತಿಳಿಸಿ ಎರಡೂ ಖಾತೆಗಳನ್ನು ಸಾಮಾನ್ಯ ಖಾತೆಗಳಾಗಿ ಬದಲಾಯಿಸಿಕೊಳ್ಳಬೇಕು, ಅದನ್ನು ಬಹಳ ಜನ ಮರೆಯುತ್ತಾರೆ. ಪಾಲುಪತ್ರದ ಕರಡು ಸಿದ್ಧವಾದ ಮೇಲೆ ಛಾಪಾ ಕಾಗದ ಕೊಳ್ಳುವ ಮೊದಲು ಯಾರಾದರೂ ಬಲ್ಲವರಿಗೆ ಒಮ್ಮೆ ತೋರಿಸಿ.